ಪ್ರಮಾಣವಚನ ಬೋಧಿಸೋಕೆ ಮಾತ್ರ ನಾವಾ?

ಬಿ. ರಾಚಯ್ಯನವರ ಫೋಟೊ ಹಾಕಿ ‘ನಮ್ಮವರೂ ರಾಜ್ಯಪಾಲರಾಗಿದ್ದರು’ ಅಂತ ಹೆಮ್ಮೆಪಡೋ ಪೋಸ್ಟುಗಳನ್ನ ಆಗಾಗ ನೋಡ್ತಿರ್ತೀನಿ. ಲೈಕ್ ಒತ್ತೋಕೆ ನನಗೆ ಕೈ ಬರಲ್ಲ. ಅವರ ಮೇಲೆ ಗೌರವ ಇರೋದರಿಂದಲೇ ಈ ಸಿಟ್ಟು.

ರಾಚಯ್ಯ ಯಾರು? ಚಾಮರಾಜನಗರದ ಆಲೂರಿನವರು. ರಾಜ್ಯದಲ್ಲಿ ದಶಕಗಳ ಕಾಲ ಶಾಸಕ, ಮಂತ್ರಿ. 1977ರಲ್ಲಿ ಚಾಮರಾಜನಗರದಿಂದ ಲೋಕಸಭೆಗೆ ಹೋದವರು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗೃಹ ಮಂತ್ರಿ. ಆಡಳಿತದ ಅನುಭವ ಇನ್ನೆಷ್ಟು ಬೇಕಿತ್ತು ಸ್ವಾಮಿ?

1988ರಲ್ಲಿ ಹೆಗಡೆ ರಾಜೀನಾಮೆ ಕೊಟ್ಟರು. ಕುರ್ಚಿಗೆ ಎಸ್.ಆರ್. ಬೊಮ್ಮಾಯಿ, ದೇವೇಗೌಡರ ನಡುವೆ ಜಗ್ಗಾಟ. ಕೂತವರು ಬೊಮ್ಮಾಯಿ. ರಾಚಯ್ಯನವರಿಗೆ ಸಿಕ್ಕಿದ್ದು 1990ರ ಫೆಬ್ರವರಿಯಲ್ಲಿ ಹಿಮಾಚಲದ ರಾಜಭವನ, ಡಿಸೆಂಬರಿನಲ್ಲಿ ಕೇರಳದ ರಾಜಭವನ. 1995ರವರೆಗೂ ತಿರುವನಂತಪುರದಲ್ಲೇ ಇದ್ದರು. ಅಲ್ಲಿ 1991ರಲ್ಲಿ ಕೆ. ಕರುಣಾಕರನ್, 1995ರಲ್ಲಿ ಎ.ಕೆ. ಆಂಟನಿ ಮುಖ್ಯಮಂತ್ರಿಗಳಾದಾಗ ರಾಜ್ಯಪಾಲರು ಇವರೇ. ಪರರಾಜ್ಯದಲ್ಲಿ ಮುಖ್ಯಮಂತ್ರಿಗಳನ್ನ ನೇಮಿಸಿದ ಮನುಷ್ಯನಿಗೆ ತನ್ನ ರಾಜ್ಯದಲ್ಲಿ ಆ ಪ್ರಮಾಣವಚನ ಸ್ವೀಕರಿಸೋ ದಿನ ಬರಲೇ ಇಲ್ಲ.

ಇದು ಒಬ್ಬರ ಕತೆ ಅಂದ್ಕೋಬೇಡಿ. ಸುಶೀಲ್ ಕುಮಾರ್ ಶಿಂಧೆ ಮುಖ್ಯಮಂತ್ರಿಯಾಗಿದ್ದಾಗಲೇ 2004ರ ಮಹಾರಾಷ್ಟ್ರ ಚುನಾವಣೆ ನಡೀತು. ಮೈತ್ರಿಕೂಟ ಗೆದ್ದಿತು. ಕುರ್ಚಿ ವಿಲಾಸರಾವ್ ದೇಶಮುಖರಿಗೆ, ಶಿಂಧೆಗೆ ಆಂಧ್ರದ ರಾಜಭವನ! ರಾಜಸ್ಥಾನದ ಜಗನ್ನಾಥ್ ಪಹಾಡಿಯಾ ಮುಖ್ಯಮಂತ್ರಿಯಾಗಿ ಉಳಿದದ್ದು ಒಂದು ವರ್ಷದಷ್ಟು. ಆಮೇಲೆ ಬಿಹಾರ, ಹರಿಯಾಣದ ರಾಜ್ಯಪಾಲ. ನಮ್ಮೋರಿಗೆ ರಾಜಭವನದ ಬಾಗಿಲು ಎಷ್ಟು ಸಲೀಸಾಗಿ ತೆರೆಯುತ್ತೆ ನೋಡಿ.

‘ರಾಜ್ಯದ ಪ್ರಥಮ ಪ್ರಜೆ ಕಣ್ರೀ, ಇನ್ನೇನು ಬೇಕು?’ ಅಂತಾರೆ. ಸಂವಿಧಾನ ತೆಗೆದು ಓದಿ. 163ನೇ ವಿಧಿ ಪ್ರಕಾರ ರಾಜ್ಯಪಾಲರು ಬಹುಪಾಲು ಮಂತ್ರಿಮಂಡಲದ ಸಲಹೆಯಂತೆ ನಡೀಬೇಕು. 156ನೇ ವಿಧಿ ಪ್ರಕಾರ ರಾಷ್ಟ್ರಪತಿಗಳ ಇಚ್ಛೆ ಇರೋವರೆಗೆ ಮಾತ್ರ ಹುದ್ದೆ. ಅಂದ್ರೆ ದೆಹಲಿ ಬೇಡ ಅಂದ ದಿನ ಗಂಟುಮೂಟೆ ಕಟ್ಟಬೇಕು. ಇದು ಉತ್ಸವಮೂರ್ತಿಯ ಮೆರವಣಿಗೆ. ಗರ್ಭಗುಡಿಯ ಬೀಗದ ಕೈ ಬೇರೆಯವರ ಸೊಂಟದಲ್ಲಿ.

ಆ ಬೀಗದ ಕೈ ಯಾಕೆ ಮುಖ್ಯ ಗೊತ್ತಾ? 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ನಮ್ಮ ಹೋರಾಟದಿಂದ ಬಂತು. ಆ ಹಣ ಗ್ಯಾರಂಟಿಗಳಿಗೆ ಹರೀತಿದೆ ಅಂತ ಬೀದೀಲಿ ಕೂಗ್ತಿದ್ದೀವಿ. ಅದನ್ನ ತೀರ್ಮಾನಿಸೋದು ಬಜೆಟ್ ಬರೆಯೋರು. ರಾಜ್ಯಪಾಲರದು ಕೊನೆಯ ಸಹಿ. ಹಾಸ್ಟೆಲ್ ಸೀಟು, ಬಗರ್ ಹುಕುಂ ಜಮೀನು, ಬ್ಯಾಕ್‌ಲಾಗ್ ಹುದ್ದೆ, ಯಾವುದಕ್ಕೂ ರಾಜಭವನದ ಗೇಟಿನ ಮುಂದೆ ಅರ್ಜಿ ಹಿಡ್ಕೊಂಡು ನಿಂತರೆ ಪ್ರಯೋಜನ ಇಲ್ಲ.

2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಪರಿಶಿಷ್ಟ ಜಾತಿಯವರು ಶೇ. 17ಕ್ಕೂ ಹೆಚ್ಚು. 1960ರಲ್ಲೇ ಪಕ್ಕದ ಆಂಧ್ರದಲ್ಲಿ ದಾಮೋದರಂ ಸಂಜೀವಯ್ಯ ಮುಖ್ಯಮಂತ್ರಿ. ಇಲ್ಲಿ? ಬಸವಲಿಂಗಪ್ಪ, ರಂಗನಾಥ್, ರಾಚಯ್ಯ, ಖರ್ಗೆ... ಹೆಸರುಗಳ ಪಟ್ಟಿ ಬೆಳೀತು, ಅಷ್ಟೆ. 2023ರ ಮೇನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಪ್ರಮಾಣವಚನ ಬೋಧಿಸಿದ ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ಕೂಡ ದಲಿತರು. ಎದುರು ನಿಂತು ಮುಖ್ಯಮಂತ್ರಿಯಾಗಿ ಅದನ್ನ ಸ್ವೀಕರಿಸಿದವರು ಆವತ್ತೂ ನಮ್ಮವರಲ್ಲ. ಯಾವ ಪಕ್ಷ ಬಂದ್ರೂ ಇದೇ ಹಣೆಬರಹ.

ಅದಕ್ಕೇ ಹೇಳ್ತಿದ್ದೀನಿ: ರಾಚಯ್ಯನವರ ಫೋಟೊಗೆ ಹಾರ ಹಾಕಿ, ಬೇಡ ಅನ್ನಲ್ಲ. ಆದರೆ ಹಾರ ಹಾಕೋಕೆ ಬರೋ ಪಕ್ಷದ ಮುಖಂಡನ ಮೈಕಿನ ಮುಂದೆಯೇ ಕೇಳಿ, ‘ನಿಮ್ಮ ಮುಂದಿನ ಮುಖ್ಯಮಂತ್ರಿ ದಲಿತರಾ? ಹೌದಾ, ಇಲ್ಲವಾ?’ ಉತ್ತರ ಬರೋವರೆಗೆ ಹಾರ ಅವರ ಕೈಗೆ ಕೊಡಬೇಡಿ.

ಜೈ ಭೀಮ್.