ಕಬ್ಬೆಕ್ಕನ್ನು ಗೂಡಿಗೆ ಹಾಕುವ ಮೊದಲು

"ಕಬ್ಬೆಕ್ಕು ಸಾಕಿದರೆ ಹೇಗೆ ಮಾರಾಯ್ರೇ? ಅದರ ಹಿಕ್ಕೆಯಿಂದ ತೆಗೆದ ಕಾಫಿಗೆ ಕಿಲೋಗೆ ಸಾವಿರಗಟ್ಟಲೆ ರೇಟಂತೆ!" ಕಳೆದ ಕುಯ್ಲಿನ ಸಮಯದಲ್ಲಿ ಪರಿಚಯದ ಬೆಳೆಗಾರರೊಬ್ಬರು ಕೇಳಿದರು. ತಮಾಷೆಗೆ ಹೇಳುತ್ತಿದ್ದಾರೆ ಅಂದುಕೊಂಡೆ. ಅಲ್ಲ. ಅವರು ಆಗಲೇ ಜಾಲರಿ ತಂದಾಗಿತ್ತು, ಗೂಡಿನ ಅಳತೆಯೂ ಆಗಿತ್ತು.

ಅವರನ್ನು ದೂರಿ ಪ್ರಯೋಜನವಿಲ್ಲ. ಎರಡೆಕರೆ ಕಾಫಿ ಇಟ್ಟುಕೊಂಡು ಆಳಿನ ಸಂಬಳ, ಗೊಬ್ಬರ, ಬೆರ್ರಿ ಬೋರರ್ ಎಂದು ಒದ್ದಾಡುವವನಿಗೆ ಇಂಥ ಸುದ್ದಿ ಕಿವಿಗೆ ಬಿದ್ದರೆ ಆಸೆ ಹುಟ್ಟದೆ ಇರುತ್ತದೆಯೇ? ಕೊಡಗಿನಲ್ಲಿ ಈ ಕಾಫಿ ತಯಾರಾಗುತ್ತಿದೆ, ಇಲ್ಲಿ ಕಿಲೋಗೆ 8,000 ರೂಪಾಯಿ, ಹೊರದೇಶದಲ್ಲಿ 20ರಿಂದ 25 ಸಾವಿರ ಎಂದು 2017ರಲ್ಲಿ ಪೇಪರಿನಲ್ಲೇ ಬಂದಿತ್ತು. ಆದರೆ ಆ ರೇಟು ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ನೋಡೋಣ.

ಇದರ ಮೂಲ ಇಂಡೋನೇಷ್ಯಾ. ಅಲ್ಲಿ ಕಬ್ಬೆಕ್ಕಿಗೆ ಲುವಾಕ್ ಎನ್ನುತ್ತಾರೆ, ಕಾಫಿಗೆ ಕೋಪಿ. 1830ರಿಂದ ಡಚ್ಚರು ಜಾವಾದ ರೈತರಿಂದ ಒತ್ತಾಯದಲ್ಲಿ ಕಾಫಿ ಬೆಳೆಸಿದರು. ಬೆಳೆದವನಿಗೆ ಹಣ್ಣು ಮುಟ್ಟುವ ಹಕ್ಕಿಲ್ಲ. ಬುಡದಲ್ಲಿ ಬಿದ್ದ ಹಿಕ್ಕೆಯಿಂದ ಬೀಜ ಹೆಕ್ಕಿ, ತೊಳೆದು, ಹುರಿದು ಕುಡಿದರು ಎಂಬುದು ಅಲ್ಲಿನವರು ಹೇಳಿಕೊಂಡು ಬಂದ ಕಥೆ. ಬಡವನ ಕಾಫಿ ಅದು. 1991ರಲ್ಲಿ ಟೋನಿ ವೈಲ್ಡ್ ಎಂಬ ಇಂಗ್ಲೆಂಡಿನ ಕಾಫಿ ವ್ಯಾಪಾರಿ ಒಂದು ಕಿಲೋ ತರಿಸಿಕೊಂಡು ಪ್ರಚಾರ ಕೊಟ್ಟ ಮೇಲೆ ಅದು ಶ್ರೀಮಂತರ ಕಾಫಿಯಾಯಿತು. 2013ರಲ್ಲಿ ಅದೇ ಮನುಷ್ಯ, ತಪ್ಪಾಯಿತು, ಈ ಕಾಫಿ ಕೊಳ್ಳಬೇಡಿ ಎಂದು ಚಳವಳಿ ಶುರುಮಾಡಿದ.

ಯಾಕೆಂದರೆ ಬೇಡಿಕೆ ಹೆಚ್ಚಿದ್ದೇ ತಡ, ಕಾಡಿನ ಬೆಕ್ಕುಗಳು ಬೋನಿಗೆ ಬಿದ್ದವು. ಬಾಲಿ ದ್ವೀಪದ 16 ತೋಟಗಳಲ್ಲಿ ಗೂಡಿನಲ್ಲಿದ್ದ 48 ಬೆಕ್ಕುಗಳನ್ನು ಸಂಶೋಧಕರು ಪರೀಕ್ಷಿಸಿ 2016ರಲ್ಲಿ ವರದಿ ಪ್ರಕಟಿಸಿದರು. ಇಕ್ಕಟ್ಟಿನ ಗೂಡು, ಕಾಲಡಿಗೆ ತಂತಿ, ಮೈಯೆಲ್ಲ ಉಚ್ಚೆ. ಕಬ್ಬೆಕ್ಕು ಒಂಟಿಯಾಗಿ ರಾತ್ರಿ ತಿರುಗುವ ಪ್ರಾಣಿ. ಅದನ್ನು ಹಗಲಿಡೀ ಪ್ರವಾಸಿಗರ ಗಲಾಟೆಯ ಎದುರು ಕೂರಿಸಿದರೆ ಇನ್ನೇನಾದೀತು?

ದಯೆ ಧರ್ಮದ ಮಾತು ಬಿಡಿ, ಬರೀ ವ್ಯಾಪಾರದ ಮಾತೇ ಆಡೋಣ. ಕಬ್ಬೆಕ್ಕು ಹಣ್ಣು ತಿಂದಾಗ ಸಿಪ್ಪೆ, ಲೋಳೆ ಜೀರ್ಣವಾಗುತ್ತದೆ. ಬೀಜ ಪಾರ್ಚ್‌ಮೆಂಟ್ ಸಮೇತ ಹೊರಗೆ ಬರುತ್ತದೆ. ಹೊಟ್ಟೆಯ ರಸ ಬೀಜದೊಳಗಿನ ಪ್ರೋಟೀನನ್ನು ಒಡೆಯುತ್ತದೆ, ಇದರಿಂದ ಕಹಿ ಕಡಿಮೆಯಾಗಬಹುದು ಎಂದು ಕೆನಡಾದ ವಿಜ್ಞಾನಿ ಮಾಸ್ಸಿಮೋ ಮಾರ್ಕೋನೆ 2004ರಲ್ಲಿ ಬರೆದರು. ಇರಬಹುದು. ಆದರೆ ರುಚಿಯ ಅರ್ಧ ಗುಟ್ಟು ಹೊಟ್ಟೆಯಲ್ಲಿಲ್ಲ, ಮೂಗಿನಲ್ಲುಂಟು. ತೋಟದಲ್ಲಿ ತಿರುಗುವ ಬೆಕ್ಕು ಚೆನ್ನಾಗಿ ಕಳಿತ ಹಣ್ಣನ್ನೇ ಆರಿಸಿ ತಿನ್ನುತ್ತದೆ, ಕಾಯಿ ಮುಟ್ಟುವುದಿಲ್ಲ. ನಡುವೆ ಬೈನೆ ಹಣ್ಣು, ಹುಳ, ಇಲಿ ಎಲ್ಲ ತಿಂದುಕೊಂಡಿರುತ್ತದೆ. ಗೂಡಿನೊಳಗೆ ನಾವು ಸುರಿದದ್ದನ್ನು ಹಸಿವಿಗೆ ತಿನ್ನಬೇಕು. ಆಗ ಅದು ಆರಿಸುವ ಬೆಕ್ಕಲ್ಲ, ಪಲ್ಪರ್ ಮೆಶಿನ್. ಪಲ್ಪರಿಗಾದರೆ ಕಾಯಿಲೆ ಬರುವುದಿಲ್ಲ.

ಕೊಳ್ಳುವವನಿಗಾದರೂ ಇದು ಕಾಡಿನದ್ದೋ ಗೂಡಿನದ್ದೋ ಎಂದು ಹೇಗೆ ಗೊತ್ತಾಗಬೇಕು? ಪ್ಯಾಕೆಟಿನ ಮೇಲೆ ಬರೆದದ್ದನ್ನು ನಂಬಬೇಕಷ್ಟೆ. ನಂಬಿಕೆ ಹೋದ ಮಾಲಿಗೆ ರೇಟು ಎಷ್ಟು ದಿನ ನಿಂತೀತು? ವೆನಿಲ್ಲಾ ಕಥೆ ನಮಗೆ ಮರೆತಿಲ್ಲ ತಾನೇ? ಅದರ ಮೇಲೆ ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಬ್ಬೆಕ್ಕಿಗೂ ರಕ್ಷಣೆ ಉಂಟು. ಹಿಡಿದು ಕೂಡಿಹಾಕಿದರೆ ಕೇಸು. ಕಾಫಿಯ ದುಡ್ಡು ವಕೀಲರಿಗೆ.

ಹಾಗಾದರೆ ಬಿದ್ದದ್ದನ್ನು ಹೆಕ್ಕಬಹುದಲ್ಲ? ಹೆಕ್ಕಬಹುದು. ನಾನೇ ಒಂದು ವಾರ ಬೆಳಗ್ಗೆ ಬೆಳಗ್ಗೆ ಹೆಕ್ಕಿ ನೋಡಿದೆ. ಬಂಡೆ ಮೇಲೆ, ಬಿದ್ದ ಮರದ ಮೇಲೆ ಸಿಗುತ್ತದೆ. ಅದಕ್ಕೆ ಬಯಲಿನ ಜಾಗ ಇಷ್ಟ. ತೊಳೆದು ಒಣಗಿಸಿದಾಗ ಒಂದು ಸೇರೂ ಆಗಲಿಲ್ಲ. ಮಳೆ ಬಂದ ದಿನದ್ದು ಬೂಷ್ಟು ಹಿಡಿದು ಬಿಸಾಡಿದ್ದೇ. ಮನೆಯವಳು ಅದನ್ನು ಹುರಿಯಲು ಅಡುಗೆಮನೆಯ ಬಾಣಲೆ ಕೊಡಲಿಲ್ಲ. ಅದು ನ್ಯಾಯವೇ. ಕೇಳಿದ ವ್ಯಾಪಾರಿಗೆ ಕ್ವಿಂಟಾಲ್ ಲೆಕ್ಕದಲ್ಲಿ ಬೇಕಂತೆ. ಒಬ್ಬ ಸಣ್ಣ ಹಿಡುವಳಿದಾರನಿಂದ ಆಗುವ ಕೆಲಸವಲ್ಲ. ಹತ್ತಿಪ್ಪತ್ತು ತೋಟದವರು ಸೇರಿ, ಒಬ್ಬರನ್ನೊಬ್ಬರು ನಂಬಿ, ಹೆಕ್ಕಿದ್ದನ್ನೇ ಮಾರಿದರೆ ಏನೋ ಸ್ವಲ್ಪ ಗಿಟ್ಟೀತು. ಅದಕ್ಕೆ ನನ್ನ ಅಡ್ಡಿಯಿಲ್ಲ.

ನನಗೆ ಅನ್ನಿಸುವುದು ಬೇರೆ. ಕಬ್ಬೆಕ್ಕು ಮಾಡುವ ಕೆಲಸವನ್ನು ನಾವು ಯಾಕೆ ಮಾಡುತ್ತಿಲ್ಲ? ಆಳು ಸಿಗುವುದಿಲ್ಲ ಎಂದು ಹಸಿರು, ಹಳದಿ, ಕೆಂಪು ಎಲ್ಲ ಒಟ್ಟಿಗೆ ಉದುರಿಸಿ ಕಣಕ್ಕೆ ಹಾಕುತ್ತೇವೆ. ಆಮೇಲೆ ರೇಟಿಲ್ಲ ಎನ್ನುತ್ತೇವೆ. ಕಳೆದ ಎರಡು ವರ್ಷದಿಂದ ನಾನು ಅರೇಬಿಕಾವನ್ನು ಮೂರು ಸಲ ಕುಯ್ಯಿಸುತ್ತಿದ್ದೇನೆ, ಹಣ್ಣಾದದ್ದು ಮಾತ್ರ. ಕುಯ್ಲಿನ ಖರ್ಚು ಹೆಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಬೇರೆಯಾಗಿ ಒಣಗಿಸಿಟ್ಟ ಮಾಲನ್ನು ಕೊಳ್ಳುವವರು ಮನೆಗೇ ಬಂದು ಕೇಳುತ್ತಾರೆ.

ಬೆಕ್ಕು ತೋಟದಲ್ಲೇ ಇರಲಿ. ಬೈನೆ ಬೀಜ ಯಾರೂ ನೆಡುವುದಿಲ್ಲ, ತೋಟದ ಅಂಚಿನಲ್ಲಿ ಗಿಡ ಹುಟ್ಟುವುದು ಅದರ ಹಿಕ್ಕೆಯಿಂದ. ಇಲಿ ಹಿಡಿಯುವ ಸಂಬಳವನ್ನೂ ಅದು ಕೇಳುವುದಿಲ್ಲ. ಒಂದೆರಡು ಕೋಳಿ ಒಯ್ದೀತು, ಅದು ನಿಜ.

ಜಾಲರಿ ತಂದ ನಮ್ಮ ಪರಿಚಯದವರು ಈಗ ಅದನ್ನೇ ಕೋಳಿಗೂಡಿಗೆ ಬಡಿದಿದ್ದಾರೆ. ಕಬ್ಬೆಕ್ಕಿನ ಕಾಫಿ ಹೆಕ್ಕಿ ಮಾರಿದವರು ನಮ್ಮ ಓದುಗರಲ್ಲಿ ಇದ್ದರೆ ಎಷ್ಟು ಸಿಕ್ಕಿತು, ಎಷ್ಟು ದಿನ ಹಿಡಿಯಿತು, ದುಡ್ಡು ಕೈಗೆ ಬಂತೇ ಎಂಬ ಲೆಕ್ಕ ಸಮೇತ ಪತ್ರಿಕೆಗೆ ಬರೆಯಿರಿ.