ಸಾಂಕ್ರಾಮಿಕ ರೋಗವೂ ಸರಕಾರದ ಹೊಣೆಯೂ

ಮಹಾಮಾರಿಯು ನಾಡಿಗೆ ಅಡಿಯಿಟ್ಟಾಗ ಪ್ರಜೆಯು ಒಬ್ಬಂಟಿಗನಾಗಿ ಮಾಡಬಲ್ಲುದು ಅತ್ಯಲ್ಪ. ಮನೆಯನ್ನು ಚೊಕ್ಕಟವಾಗಿಡಬಹುದು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬಹುದು. ಆದರೆ ಊರಿಂದೂರಿಗೆ ಹರಿಯುವ ರೋಗದ ದಾರಿಯನ್ನು ಕಟ್ಟುವ ಸಾಮರ್ಥ್ಯವು ಸರಕಾರಕ್ಕಲ್ಲದೆ ಅನ್ಯರಿಗಿಲ್ಲ. ಆ ಸಾಮರ್ಥ್ಯವು ಯಾವಾಗ ಫಲಿಸುತ್ತದೆ, ಯಾವಾಗ ವಿಫಲವಾಗುತ್ತದೆ ಎಂಬುದಕ್ಕೆ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಅನುಭವವೇ ಸಾಕ್ಷಿ.

ಭಾರತದಲ್ಲಿ ಕೋವಿಡ್ ರೋಗಕ್ಕೆ ಮೊದಲು ಬಲಿಯಾದವರು ನೆರೆಯ ಕಲಬುರಗಿಯ ಒಬ್ಬ ವೃದ್ಧರು. ಅದು 2020ರ ಮಾರ್ಚ್ 10. ಅದೇ ತಿಂಗಳ 24ರ ರಾತ್ರಿ ಕೇವಲ ನಾಲ್ಕು ತಾಸುಗಳ ಮುನ್ಸೂಚನೆಯಿಂದ ದೇಶದ ಬಾಗಿಲು ಮುಚ್ಚಿತು. ಹೊಟ್ಟೆಪಾಡಿಗಾಗಿ ಮುಂಬಯಿ, ಪುಣೆಗಳಿಗೆ ಗುಳೆ ಹೋಗಿದ್ದ ನಮ್ಮ ಕೂಲಿಕಾರರು ಕೆಲಸವೂ ಇಲ್ಲದೆ, ಕೂಳೂ ಇಲ್ಲದೆ ಪರಸ್ಥಳದಲ್ಲಿ ಸಿಕ್ಕಿಬಿದ್ದರು. ಮೇ ತಿಂಗಳಲ್ಲಿ ಅವರು ಗುಂಪುಗುಂಪಾಗಿ ಮರಳಿದಾಗ, ನೇರವಾಗಿ ಮನೆಗೆ ಕಳುಹದೆ, ಶಾಲೆ ವಸತಿಗೃಹಗಳಲ್ಲಿ ಇಳಿಸಿ ಪರೀಕ್ಷಿಸಲಾಯಿತು. ಜಿಲ್ಲೆಯ ರೋಗಿಗಳ ಎಣಿಕೆ ಒಮ್ಮೆಲೇ ಏರಿತು, ಅನೇಕರು ಗಾಬರಿಗೊಂಡರು. ಆದರೆ ಆ ಏರಿಕೆಯಷ್ಟರಿಂದಲೇ ಕ್ರಮವು ಸೋತಿತೆನ್ನಲಾಗದು. ಈ ರೋಗವು ತಗುಲಿದ ಮೇಲೆ ಲಕ್ಷಣ ತೋರಲು 14 ದಿನಗಳವರೆಗೂ ಹಿಡಿಯಬಹುದು. ಜ್ವರವಿಲ್ಲದವನೂ ಅದನ್ನು ಹರಡಬಲ್ಲನು. ಶಾಲೆಯ ಗೋಡೆಯೊಳಗೆ ಪತ್ತೆಯಾದ ರೋಗವು ಓಣಿಯ ಮುದುಕರನ್ನು ಮುಟ್ಟದೆ ನಿಲ್ಲುವುದೇ ಪ್ರತ್ಯೇಕವಾಸದ ಪ್ರಯೋಜನ.

ಆದರೆ ನಿರ್ಬಂಧದ ಜೊತೆಗೆ ಅನ್ನವೂ ಆದರವೂ ಇಲ್ಲದಿದ್ದರೆ ಅದು ಸೆರೆವಾಸವಾಗುತ್ತದೆ. 1897ರಲ್ಲಿ ಪುಣೆಯ ಪ್ಲೇಗಿನ ಕಾಲಕ್ಕೆ ಪರಕೀಯ ಸರಕಾರವು ಸಿಪಾಯಿಗಳನ್ನು ಮನೆಮನೆಗೆ ನುಗ್ಗಿಸಿತು. ಜನರು ರೋಗಿಗಳನ್ನು ಬಚ್ಚಿಟ್ಟರು. ಬಚ್ಚಿಟ್ಟ ರೋಗವನ್ನು ಯಾವ ವೈದ್ಯನು ತಡೆದಾನು? ಅದೇ ವರ್ಷದ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ ಸ್ವತಂತ್ರ ಭಾರತವೂ 2020ರಲ್ಲಿ ಬಳಸಿತು. ಕಾಯಿದೆ ಹಳೆಯದಾದರೂ ಅದನ್ನು ನಡೆಸುವ ಕೈ ಸ್ವಕೀಯರದು. ಆದುದರಿಂದ ಅದರ ವರ್ತನೆಯೂ ಸ್ವಕೀಯವಾಗಿರತಕ್ಕದ್ದು.

ಈ ನಂಬಿಕೆಯನ್ನು ಗಳಿಸಿದವರು ಮನೆಮನೆ ಅಲೆದ ಆಶಾ ಕಾರ್ಯಕರ್ತೆಯರು. 2021ರ ಜನವರಿ 16ರಂದು ಲಸಿಕೆಯ ಕಾರ್ಯ ಆರಂಭವಾದಾಗ ಸೂಜಿಗೆ ಅಂಜಿದವರು ಕಡಿಮೆಯಿರಲಿಲ್ಲ. ಅಂಥವರ ಅಂಜಿಕೆಯನ್ನು ಬಿಡಿಸಿದ್ದು ಸುತ್ತೋಲೆಗಿಂತ ಹೆಚ್ಚಾಗಿ ಪರಿಚಿತ ಹೆಣ್ಣುಮಗಳೊಬ್ಬಳ ಮಾತು. ಅಂಥವಳ ಗೌರವಧನವನ್ನು ತಿಂಗಳುಗಟ್ಟಲೆ ಬಾಕಿಯಿಡುವುದು ಯಾವ ಸರಕಾರಕ್ಕೂ ಶೋಭಿಸದು.

ಇಂದಿಗೂ ಈ ಸೀಮೆಯ ಕೂಲಿಕಾರರು ಗುಳೆ ಹೋಗುತ್ತಲೇ ಇದ್ದಾರೆ. ಇನ್ನೊಂದು ಮಾರಿ ಬಂದರೆ ಅವರು ಮರಳಿ ಬರುವುದೂ ಇದೇ ದಾರಿಯಿಂದಲೇ. ಆದುದರಿಂದ ಅಧಿಕಾರಿವರ್ಗಕ್ಕೆ ನಮ್ಮ ಬಿನ್ನಹವಿಷ್ಟೆ: ಯಾವ ಊರಿನವರು ಎಲ್ಲಿಗೆ ಹೋಗಿದ್ದಾರೆಂಬ ಪಟ್ಟಿ ಪ್ರತಿ ಗ್ರಾಮಪಂಚಾಯತಿಯಲ್ಲಿರಲಿ, ವಸತಿಗೃಹಗಳಲ್ಲಿ ನೀರು, ಪಾಯಿಖಾನೆಗಳು ಈಗಲೇ ಸಜ್ಜಾಗಲಿ, ಪ್ರತ್ಯೇಕವಾಸದ ದಿನಗಳಲ್ಲಿ ಕೂಲಿಕಾರನ ಮಕ್ಕಳಿಗೆ ಧಾನ್ಯ ದೊರೆಯಲಿ. ಮನೆಯಲ್ಲಿ ಒಲೆ ಉರಿಯುತ್ತಿದೆಯೆಂದು ತಿಳಿದವನು ಹದಿನಾಲ್ಕು ದಿನ ಹೊರಗಿರಲು ಹಿಂದೆಗೆಯಲಾರನು. ಇದಕ್ಕೆ ಬೇಕಾದ ವೆಚ್ಚವನ್ನು ರೋಗವು ಬರುವ ಮೊದಲೇ ಮಾಡುವುದು ವಿವೇಕ. ಬಂದ ಮೇಲೆ ಮಾಡುವುದು ದಂಡ.