ಹೊಸ ಎಂಜಿನ್ನಿಗೆ ಘಾಟಿ ಶತ್ರುವಲ್ಲ

ಹೊಸ ಕಾರಿನ ಮೊದಲ ಸಾವಿರ ಕಿಲೋಮೀಟರಿನ ಬಗ್ಗೆ ನಾನು ಹೇಳುತ್ತ ಬಂದಿರುವುದು ಇಷ್ಟೇ. ಎಂಜಿನ್ನಿಗೆ ಕೆಲಸ ಕೊಡಿ, ಆದರೆ ಒಂದೇ ಸಮನೆ ಕೊಡಬೇಡಿ. ವೇಗ ಏರಲಿ, ಇಳಿಯಲಿ. ಎಕ್ಸಲರೇಟರನ್ನು ಪೂರ್ತಿ ತುಳಿಯಬೇಡಿ, ಟಾಪ್ ಗೇರಿನಲ್ಲಿ ತೆವಳಿಸಲೂ ಬೇಡಿ. ಇದಕ್ಕೆ ಗೂಡಲೂರು, ಕಂಬಂ, ಉತ್ತಮಪಾಳ್ಯದ ಕಡೆಯಿಂದ ಬಂದ ಆಕ್ಷೇಪ ಒಂದೆರಡಲ್ಲ. ಹಿರಿಯ ಡ್ರೈವರುಗಳು ಇದನ್ನು ಅವಸರದ ಮಾತು ಎಂದರು, ಹುಡುಗರು ಅಜ್ಜನ ಕಾಲದ ಮಾತು ಎಂದರು. ಈಗಿನ ಕಾರಿಗೆ ಇದೊಂದೂ ಬೇಕಿಲ್ಲ ಎಂದವರೂ ಇದ್ದಾರೆ. ನಮ್ಮ ಕಂಬಂ ಕಣಿವೆಯಲ್ಲಿ ಎಷ್ಟೋ ಮಂದಿ ದ್ರಾಕ್ಷಿ, ಬಾಳೆ, ತೆಂಗಿನ ದುಡ್ಡು ವರ್ಷಗಟ್ಟಲೆ ಕೂಡಿಟ್ಟು, ಮೇಲೆ ಸಾಲವನ್ನೂ ಮಾಡಿ ಕಾರು ಕೊಳ್ಳುತ್ತಾರೆ. ಅವರ ಕಿವಿಗೆ ನಾಲ್ಕು ದಿಕ್ಕಿನಿಂದ ನಾಲ್ಕು ಮಾತು ಬೀಳುತ್ತಿರುವಾಗ ಉತ್ತರ ಕೊಡದೆ ಕೂರುವುದು ಸರಿಯೆನಿಸಲಿಲ್ಲ.

ಮೊದಲು ಹಿರಿಯರ ಮಾತು. “ಸಾವಿರ ಆಗೋವರೆಗೂ ನಲವತ್ತು ದಾಟಬೇಡ. ಬೇಗ ಟಾಪ್ ಗೇರಿಗೆ ಹಾಕ್ಕೊಂಡು ಮೆಲ್ಲಗೆ ಬಿಡು” ಎನ್ನುತ್ತಾರೆ. ಈ ಮಾತು ಅವರ ಅನುಭವದಿಂದ ಬಂದದ್ದು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಓಡುತ್ತಿದ್ದ ಕಾಲದಲ್ಲಿ ಹೊಸ ಗಾಡಿಯ ಹಿಂದಿನ ಗಾಜಿಗೆ ‘ರನ್ನಿಂಗ್ ಇನ್’ ಎಂದು ಚೀಟಿ ಅಂಟಿಸಿಕೊಂಡು ಹೋಗುವ ರೂಢಿಯಿತ್ತು. ನಮ್ಮ ಕಡೆ ಇನ್ನೊಂದು ಕಾರಣವೂ ಸೇರಿತು. ಕಂಬಂ ಮೆಟ್ಟು, ಕುಮಳಿ, ಬೋಡಿ ಮೆಟ್ಟು ಹತ್ತಿ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ದಿನಾ ಕೂಲಿ ಜನರನ್ನು ಹೊರುವ ಜೀಪುಗಳು ಬೇಗ ಸವೆಯುತ್ತಿದ್ದವು. ಎಂಜಿನ್ ಬಿಚ್ಚಿ, ಬೋರು ಕೊರೆಸಿ, ಒಂದು ಸೈಜು ದೊಡ್ಡ ಪಿಸ್ಟನ್ ಕೂರಿಸಿ ಮತ್ತೆ ರಸ್ತೆಗೆ ಬಿಡುತ್ತಿದ್ದರು. ಹಾಗೆ ಕೂರಿಸಿದ ಪಿಸ್ಟನ್ನಿಗೂ ಬೋರಿಗೂ ನಡುವಿನ ಸಂದು ಎಷ್ಟೋ ಸಲ ತೀರ ಬಿಗಿ. ಬಿಸಿ ಹೆಚ್ಚಾದರೆ ಪಿಸ್ಟನ್ ಹಿಗ್ಗಿ ಅಲ್ಲೇ ಜಾಮ್. ಆ ಎಂಜಿನ್ನಿಗೆ ನಲವತ್ತರ ಮಿತಿ ಸರಿಯಾಗಿಯೇ ಇತ್ತು. ಆ ಮಿತಿಯನ್ನು ಇವತ್ತು ಶೋರೂಮಿನಿಂದ ಬಂದ ಕಾರಿಗೂ ಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಕಾರಣ ಪಿಸ್ಟನ್ ರಿಂಗಿನಲ್ಲಿದೆ. ಸಿಲಿಂಡರಿನ ಒಳಗೋಡೆಯನ್ನು ಕಾರ್ಖಾನೆಯಲ್ಲಿ ಬೇಕೆಂದೇ ಪೂರ್ತಿ ನುಣುಪು ಮಾಡುವುದಿಲ್ಲ. ಹೋನಿಂಗ್ ಕಲ್ಲಿನಿಂದ ಒಂದರ ಮೇಲೊಂದು ಅಡ್ಡ ಹಾಯುವ ಸಣ್ಣ ಗೀರುಗಳನ್ನು ಎಳೆದಿರುತ್ತಾರೆ. ಗೀರಿನ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ. ಗೀರಿನ ಏಣು ಮತ್ತು ರಿಂಗಿನ ಅಂಚು ಮೊದಲ ದಿನಗಳಲ್ಲಿ ಒಂದಕ್ಕೊಂದು ಉಜ್ಜಿ, ಸವೆದು, ಹೊಂದಿಕೊಳ್ಳುತ್ತವೆ. ಮೆಕ್ಯಾನಿಕ್ಕುಗಳು ‘ರಿಂಗ್ ಸೆಟ್ ಆಗೋದು’ ಎನ್ನುವುದು ಇದನ್ನೇ. ಆದರೆ ರಿಂಗು ತನ್ನ ಸ್ಪ್ರಿಂಗ್ ಬಲದಿಂದಷ್ಟೇ ಗೋಡೆಗೆ ಒತ್ತುವುದಿಲ್ಲ. ಇಂಧನ ಉರಿದಾಗ ಹುಟ್ಟುವ ಗ್ಯಾಸು ರಿಂಗಿನ ಹಿಂದಿನ ಸಂದಿಗೆ ನುಗ್ಗಿ ಅದನ್ನು ಹೊರಕ್ಕೆ ತಳ್ಳುತ್ತದೆ. ಎಕ್ಸಲರೇಟರನ್ನು ಮುಟ್ಟಿಯೂ ಮುಟ್ಟದಂತೆ ಓಡಿಸಿದರೆ ಗ್ಯಾಸಿನ ಒತ್ತಡ ಕಡಿಮೆ, ರಿಂಗು ಗೋಡೆಗೆ ಒತ್ತುವುದೂ ಕಡಿಮೆ. ಗೋಡೆಯ ಮೇಲೆ ಉಳಿದ ಆಯಿಲ್ ಸುಟ್ಟು ಜಿಡ್ಡುಗಟ್ಟಿ ಗೀರುಗಳನ್ನು ಮುಚ್ಚುತ್ತದೆ. ಒಮ್ಮೆ ಹಾಗಾದರೆ ಗೋಡೆ ಬರೀ ಜಾರುತ್ತದೆ, ರಿಂಗು ಹೊಂದುವುದೇ ಇಲ್ಲ. ಕಾರು ಆಯಿಲ್ ಕುಡಿಯಲು ಶುರುಮಾಡುತ್ತದೆ. ಆಮೇಲೆ ಎಂಜಿನ್ ಬಿಚ್ಚಿ ಮತ್ತೆ ಹೋನಿಂಗ್ ಮಾಡಿಸದೆ ಗತಿಯಿಲ್ಲ.

ಟಾಪ್ ಗೇರಿನಲ್ಲಿ ನಲವತ್ತರಲ್ಲಿ ಎಳೆಸುವುದು ಇದಕ್ಕಿಂತ ಕೆಟ್ಟದ್ದು. ಎಂಜಿನ್ ನಿಧಾನ ಸುತ್ತುವಾಗ ಆಯಿಲ್ ಪಂಪೂ ನಿಧಾನ. ಆ ಹೊತ್ತಿಗೆ ಭಾರ ಬಿದ್ದರೆ ಕನೆಕ್ಟಿಂಗ್ ರಾಡಿನ ಬೇರಿಂಗುಗಳು ತೆಳ್ಳಗಿನ ಆಯಿಲ್ ಪದರದ ಮೇಲೆ ಪೆಟ್ಟು ತಿನ್ನುತ್ತವೆ. ಈಗ ಬರುತ್ತಿರುವ ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ನುಗಳಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಜೋರಾಗಿ ಎಳೆಸಿದರೆ ಕಿಡಿ ಹಾರುವ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ನೇ ಒಡೆಯಬಹುದು. ಸುಜುಕಿ ಕಾರಿನ ಮಾಲೀಕರ ಕೈಪಿಡಿಯೇ ದೊಡ್ಡ ಗೇರಿನಲ್ಲಿ ನಿಧಾನ ಓಡಿಸಬೇಡಿ ಎನ್ನುತ್ತದೆ, ಒಂದೇ ವೇಗದಲ್ಲಿ ಬಹಳ ಹೊತ್ತು ಹೋಗಬೇಡಿ ಎಂದೂ ಹೇಳುತ್ತದೆ. ಹ್ಯುಂಡೈ ಕೈಪಿಡಿ ಮೊದಲ 1,000 ಕಿ.ಮೀ.ವರೆಗೆ ಎಂಜಿನ್ನನ್ನು 2,000ದಿಂದ 4,000 ಆರ್‌ಪಿಎಂ ನಡುವೆ ಇಡಲು ಹೇಳುತ್ತದೆ. ಕೆಳಗಿನ ಮಿತಿಯನ್ನೂ ಕೊಟ್ಟಿದ್ದಾರೆ ಎಂಬುದನ್ನು ಹಿರಿಯರು ಗಮನಿಸಬೇಕು.

ಇನ್ನು ಹುಡುಗರು. “ಗ್ಯಾಸ್ ಒತ್ತಡದಿಂದಲೇ ರಿಂಗ್ ಸೆಟ್ ಆಗೋದಾದ್ರೆ ಮೊದಲ ದಿನವೇ ಫುಲ್ ತುಳೀಬೇಕು, ಆಗ ಇನ್ನೂ ಚೆನ್ನಾಗಿ ಸೆಟ್ ಆಗುತ್ತೆ” ಎನ್ನುತ್ತಾರೆ. ಮಾತಿನ ಮೊದಲರ್ಧ ನಿಜ, ಅಮೆರಿಕದಿಂದ ಬಂದ ಬೈಕ್ ರೇಸಿನವರ ಈ ಪಾಠ ಈಗ ಎಲ್ಲರ ಮೊಬೈಲಿನಲ್ಲೂ ಇದೆ. ಆದರೆ ರೇಸಿನವರು ತಮ್ಮ ಎಂಜಿನ್ನನ್ನು ಪದೇಪದೇ ಬಿಚ್ಚಿ ಕಟ್ಟುತ್ತಾರೆ, ನಮಗೆ ಅದು ಒಂದೆರಡು ಲಕ್ಷ ಕಿ.ಮೀ. ಬಾಳಬೇಕು. ಹೊಸ ಲೋಹ ಉಜ್ಜುವ ಜಾಗದಲ್ಲಿ ಬಿಸಿ ಹೆಚ್ಚು. ಪೂರ್ತಿ ತುಳಿದಾಗ ಆ ಬಿಸಿ ಒಂದೇ ಕಡೆ ನಿಂತು ರಿಂಗಿಗೂ ಗೋಡೆಗೂ ಗಾಯ ಮಾಡಬಹುದು. ಹೊಂದಿಕೊಳ್ಳಬೇಕಾದದ್ದು ರಿಂಗು ಮಾತ್ರವೂ ಅಲ್ಲ. ಬೇರಿಂಗು, ವಾಲ್ವಿನ ಭಾಗ, ಗೇರು, ಡಿಫರೆನ್ಷಿಯಲ್ ಎಲ್ಲವೂ ಹೊಸವು. ಕಂಬಂನ ನಂದಗೋಪಾಲನ ತೊಳುವಿನಲ್ಲಿ, ಅಂದರೆ ದನದ ಕೊಟ್ಟಿಗೆಯಲ್ಲಿ, ದೇವರ ದನ ಸಾಕುವ ನಮ್ಮ ಕನ್ನಡದ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಳೆ ಹೋರಿಯ ಹೆಗಲಿಗೆ ನೊಗವಿಟ್ಟ ದಿನವೇ ತುಂಬಿದ ಗಾಡಿ ಕಟ್ಟುವವರಿಲ್ಲ, ಗೂಟದಲ್ಲೇ ನಿಲ್ಲಿಸಿ ಪಳಗಿಸುವವರೂ ಇಲ್ಲ.

ಹಾಗಾದರೆ ಓಡಿಸುವುದು ಹೇಗೆ? ಎಕ್ಸಲರೇಟರನ್ನು ಅರ್ಧದಷ್ಟು ತುಳಿದು ಎಂಜಿನ್ನನ್ನು 2,000ದಿಂದ 3,500 ಆರ್‌ಪಿಎಂಗೆ ಏರಿಸಿ, ಆಮೇಲೆ ಕಾಲು ಎತ್ತಿ ಗೇರಿನಲ್ಲೇ ಇಳಿಯಬಿಡಿ. ಏರುವಾಗ ಗ್ಯಾಸು ರಿಂಗನ್ನು ಒತ್ತುತ್ತದೆ, ಕಾಲೆತ್ತಿದಾಗ ಉಜ್ಜಿದ ಜಾಗ ತಣಿಯುತ್ತದೆ, ಸವೆದ ಲೋಹದ ಪುಡಿ ಆಯಿಲ್ ಜೊತೆ ಫಿಲ್ಟರಿಗೆ ಹೋಗುತ್ತದೆ. ತೇಣಿಯಿಂದ ಗೂಡಲೂರಿಗೆ ಸುಮಾರು 50 ಕಿ.ಮೀ. ವೀರಪಾಂಡಿ, ಚಿನ್ನಮನೂರು, ಉತ್ತಮಪಾಳ್ಯ, ಕಂಬಂ ಎಂದು ಊರಿನ ಮೇಲೆ ಊರು. ಊರೊಳಗಿನ ಹಳೇ ರಸ್ತೆ ಹಿಡಿದರೆ ಸ್ಪೀಡ್ ಬ್ರೇಕರು, ಬಸ್ ಸ್ಟಾಪು, ಅಡ್ಡ ಬರುವ ದನ. ಇಷ್ಟು ಒಳ್ಳೆಯ ರನ್ನಿಂಗ್ ರಸ್ತೆ ಹುಡುಕಿದರೂ ಸಿಗುವುದಿಲ್ಲ, ಏರಿಳಿತವನ್ನು ರಸ್ತೆಯೇ ಮಾಡಿಸುತ್ತದೆ. ಹೊಸ ಕಾರಿನಲ್ಲಿ ಬೈಪಾಸು ಬಿಟ್ಟು ಊರೊಳಗೆ ಬನ್ನಿ ಎಂದು ನಾನು ಹೇಳುವುದು ಅದಕ್ಕೇ. ಬೆಂಗಳೂರಿನ ನೆಂಟರ ಮನೆಗೆ ಹೊಸ ಕಾರಿನಲ್ಲೇ ಹೋಗಬೇಕೆನ್ನುವವರು ದಿಂಡಿಗಲ್ ದಾಟಿ ನಾಲ್ಕು ಲೇನಿನ ರಸ್ತೆ ಸಿಕ್ಕೊಡನೆ ಕ್ರೂಸ್ ಕಂಟ್ರೋಲ್ ಒತ್ತಿ ಕರೂರು, ಸೇಲಂವರೆಗೆ ಒಂದೇ ವೇಗದಲ್ಲಿ ಹೋಗುತ್ತಾರೆ. ಹೋಗಲೇಬೇಕಾದರೆ ಕೆಲವು ನಿಮಿಷಕ್ಕೊಮ್ಮೆ ವೇಗ ಬದಲಿಸಿ.

“ಫ್ಯಾಕ್ಟರಿಯಲ್ಲೇ ಎಲ್ಲಾ ಮಾಡಿ ಕಳಿಸ್ತಾರೆ” ಎಂಬುದು ಮೂರನೆಯ ಆಕ್ಷೇಪ. ಈಗಿನ ಹೋನಿಂಗ್ ಹಿಂದಿಗಿಂತ ಬಹಳ ನಯ, ಹಾಗಾಗಿ ಹೊಂದಿಕೊಳ್ಳುವ ಕೆಲಸ ಕಡಿಮೆಯಾಗಿದೆ, ಒಪ್ಪುತ್ತೇನೆ. ಮುಗಿದೇಹೋಗಿದೆ ಎಂಬುದು ಸುಳ್ಳು. ಬಹಳಷ್ಟು ಕಾರ್ಖಾನೆಗಳಲ್ಲಿ ಎಂಜಿನ್ನನ್ನು ಇಂಧನ ಉರಿಸದೆಯೇ ವಿದ್ಯುತ್ ಮೋಟಾರಿನಿಂದ ತಿರುಗಿಸಿ ಪರೀಕ್ಷಿಸುತ್ತಾರೆ. ಕೆಲವೇ ನಿಮಿಷದ ಕೆಲಸ ಅದು, ಜೋಡಣೆಯಲ್ಲಿ ತಪ್ಪಿದೆಯೇ ಎಂದು ನೋಡುವುದಷ್ಟೇ ಉದ್ದೇಶ. ಕಾರ್ಖಾನೆಯಲ್ಲೇ ಎಲ್ಲ ಮುಗಿದಿದ್ದರೆ ಅದೇ ಕಂಪನಿಗಳು ಕೈಪಿಡಿಯಲ್ಲಿ ಈ ನಿಯಮಗಳನ್ನು ಬರೆಯುತ್ತಿರಲಿಲ್ಲ. ಟೊಯೊಟಾ ಮೊದಲ 1,000 ಕಿ.ಮೀ.ಗೆ ಅತಿ ವೇಗ, ಒಮ್ಮೆಲೇ ತುಳಿಯುವುದು, ಒಂದೇ ವೇಗ ಎಲ್ಲವನ್ನೂ ಬೇಡವೆನ್ನುತ್ತದೆ. ಬಿಎಂಡಬ್ಲ್ಯು ತನ್ನ ಎಂ ಕಾರುಗಳನ್ನು 2,000 ಕಿ.ಮೀ. ಮಿತಿಯಲ್ಲಿ ಓಡಿಸಿ, ಆಮೇಲೆ ರನ್ನಿಂಗ್ ಇನ್ ಸರ್ವಿಸಿಗೆ ತರಲು ಹೇಳುತ್ತದೆ. ಅಷ್ಟು ದುಬಾರಿ ಎಂಜಿನ್ನಿಗೆ ಬೇಕಾದದ್ದು ನಮ್ಮ ಆರೇಳು ಲಕ್ಷದ ಕಾರಿಗೆ ಬೇಡವಾಗುವುದು ಹೇಗೆ?

ಬೆಳಿಗ್ಗೆ ಸ್ಟಾರ್ಟ್ ಮಾಡಿ ಅರ್ಧ ಗಂಟೆ ಬಿಟ್ಟು ಬಿಸಿ ಮಾಡಬೇಕು ಎನ್ನುವವರಿಗೆ ಉತ್ತರ ಮೇಲೆಯೇ ಇದೆ. ನಿಂತಲ್ಲೇ ಓಡುವ ಎಂಜಿನ್ನಿನಲ್ಲಿ ರಿಂಗಿನ ಒತ್ತಡ ತೀರ ಕಡಿಮೆ. ಸಾಲದ್ದಕ್ಕೆ ಉರಿಯದ ಪೆಟ್ರೋಲ್ ಗೋಡೆಯ ಆಯಿಲ್ ತೊಳೆದು ಕೆಳಗಿಳಿಯುತ್ತದೆ. ಅರ್ಧ ನಿಮಿಷ ಸಾಕು, ಆಮೇಲೆ ಮೆಲ್ಲಗೆ ಹೊರಡಿ. 500 ಕಿ.ಮೀ.ಗೇ ಆಯಿಲ್ ಬದಲಿಸಿ ಎನ್ನುವವರದು ಸದುದ್ದೇಶ, ಆದರೂ ಕೈಪಿಡಿ ನೋಡದೆ ಮಾಡಬೇಡಿ. ಹೋಂಡಾ ತನ್ನ ಕಾರುಗಳಲ್ಲಿ ನಿಗದಿತ ಸರ್ವಿಸಿಗೆ ಮೊದಲು ಆಯಿಲ್ ಬದಲಿಸಬೇಡಿ ಎಂದೇ ಬರೆಯುತ್ತದೆ. 0ಡಬ್ಲ್ಯೂ-20 ಕೇಳುವ ಎಂಜಿನ್ನಿಗೆ ದಪ್ಪಗಿದ್ದರೆ ಒಳ್ಳೆಯದೆಂದು 20ಡಬ್ಲ್ಯೂ-40 ಸುರಿಯುವುದಂತೂ ಬೇಡವೇ ಬೇಡ.

ಎಲ್ಲಕ್ಕಿಂತ ಜೋರಾಗಿ ಕೇಳಿಬಂದ ಆಕ್ಷೇಪ ಘಾಟಿಯದು. “ಸಾವಿರ ಆಗೋವರೆಗೂ ಕುಮಳಿ ಹತ್ತಿಸಬೇಡ” ಎನ್ನುತ್ತಾರೆ. ಗೂಡಲೂರಿನಲ್ಲಿ ಮನೆಯಿರುವವನಿಗೆ ಈ ಮಾತು ಹೇಳಿ ಪ್ರಯೋಜನವೇನು? ನಮ್ಮ ಬೀದಿಯ ತುದಿಯಿಂದಲೇ ಬೆಟ್ಟ ಕಾಣುತ್ತದೆ. ಕೆಲಸ, ವ್ಯಾಪಾರ, ನೆಂಟಸ್ತಿಕೆ ಅರ್ಧ ಮೇಲೆಯೇ ಇದೆ. ಎಂಜಿನ್ನಿನ ಮಟ್ಟಿಗೆ ಘಾಟಿಯಿಂದ ಕೆಡುಕಿಲ್ಲ. ಲೋವರ್ ಕ್ಯಾಂಪ್ ದಾಟಿ, ವಿದ್ಯುತ್ ಕೇಂದ್ರಕ್ಕೆ ಮುಲ್ಲೈಪೆರಿಯಾರ್ ನೀರಿಳಿಸುವ ದೊಡ್ಡ ಪೈಪುಗಳು ಕಾಣುವ ಏರು ಶುರುವಾದೊಡನೆ ಎರಡನೆಯ ಇಲ್ಲವೇ ಮೂರನೆಯ ಗೇರು, ಆರ್‌ಪಿಎಂ ಮುಳ್ಳು 2,500ರ ಆಸುಪಾಸು. ತಿರುವಿಗೆ ಮೊದಲೇ ಗೇರು ಇಳಿಸಿ, ತಿರುವಿನ ನಡುವೆ ಬೇಡ. ಕಾಲಿನ ಕೆಳಗೆ ಎಂಜಿನ್ ಗುದ್ದಿದಂತೆ ನಡುಗಿದರೆ ಗೇರು ದೊಡ್ಡದಾಗಿದೆ ಎಂದರ್ಥ, ಕೂಡಲೇ ಒಂದು ಇಳಿಸಿ. ಎಎಂಟಿ ಗೇರಿನ ಕಾರುಗಳು ಏರಿನಲ್ಲಿ ಬೇಗನೆ ಮೇಲಿನ ಗೇರಿಗೆ ಹೋಗಿ ಎಳೆಯಲಾರದೆ ಒದ್ದಾಡುವುದುಂಟು, ಅವುಗಳನ್ನು ಮ್ಯಾನ್ಯುಯಲ್‌ಗೆ ಹಾಕಿಕೊಳ್ಳಿ. ಐದು ಜನ, ಡಿಕ್ಕಿ ತುಂಬ ಮೂಟೆ ಬೇಡ. ಹೀಗೆ ಹತ್ತಿಸಿದರೆ ಆರೇಳು ಕಿಲೋಮೀಟರಿನ ಈ ಏರು ರಿಂಗಿಗೆ ಬೇಕಾದ ಭಾರವನ್ನು ಹದವಾಗಿ ಕೊಡುತ್ತದೆ.

ನನ್ನ ಚಿಂತೆ ಇಳಿಯುವುದರ ಬಗ್ಗೆ. ಆಕ್ಷೇಪಿಸಿದವರಲ್ಲಿ ಒಬ್ಬರೂ ಅದನ್ನು ಎತ್ತಲಿಲ್ಲ. ಹೊಸ ಬ್ರೇಕ್ ಪ್ಯಾಡು, ಹೊಸ ಡಿಸ್ಕು ಇನ್ನೂ ಒಂದಕ್ಕೊಂದು ಪೂರ್ತಿ ತಾಗುವುದಿಲ್ಲ. ತಾಗಿದಷ್ಟು ಜಾಗದಲ್ಲೇ ಬಿಸಿ ಕೂರುತ್ತದೆ, ಹಿಡಿತ ತಪ್ಪುತ್ತದೆ. ಟೊಯೊಟಾ, ಹೋಂಡಾ ಮೊದಲ 300 ಕಿ.ಮೀ., ಸುಜುಕಿ 320 ಕಿ.ಮೀ. ಜೋರಾಗಿ ಬ್ರೇಕ್ ಹಾಕಬೇಡಿ ಎನ್ನುತ್ತವೆ. ಲೆಕ್ಕ ಹಾಕಿ ನೋಡಿ. ತೇಣಿಯ ಶೋರೂಮಿನಿಂದ ಕಾರು ತಂದು, ವೀರಪಾಂಡಿಯ ಗೌಮಾರಿಯಮ್ಮನ ಮುಂದೆ ಪೂಜೆ ಮಾಡಿಸಿ, ನಿಂಬೆಹಣ್ಣು ಹತ್ತಿಸಿ, ಅದೇ ಸಂಜೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಕುಮಳಿಗೆ ಹೋಗಿ ಇಳಿಯುವ ಹೊತ್ತಿಗೆ ಮೀಟರಿನಲ್ಲಿ ನೂರೂ ಆಗಿರುವುದಿಲ್ಲ. ಟೈರಿನ ಮೇಲ್ಮೈ ಕೂಡ ಹೊಸದು, ರಸ್ತೆಯನ್ನು ಇನ್ನೂ ಸರಿಯಾಗಿ ಹಿಡಿಯುವುದಿಲ್ಲ. ಮೊದಲ 300 ಕಿ.ಮೀ. ಕಂಬಂ, ಚಿನ್ನಮನೂರಿನ ಬಯಲಿನಲ್ಲೇ ಮುಗಿಸಿ ಎಂದು ಕೈಮುಗಿದು ಕೇಳುವುದು ಇದಕ್ಕಾಗಿ. ಆಮೇಲೆ ಹತ್ತಿ. ಇಳಿಯುವಾಗ ಹತ್ತಿದ ಗೇರಿನಲ್ಲೇ ಬನ್ನಿ, ನ್ಯೂಟ್ರಲ್ ಬೇಡ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇರಬೇಡಿ. ಅಯ್ಯಪ್ಪನ ಸೀಸನ್ನಿನಲ್ಲಿ ಒನ್ ವೇ ಮಾಡಿ ಕಂಬಂ ಮೆಟ್ಟಿನ ಮೂಲಕ ಹತ್ತಿಸಿ ಕುಮಳಿಯಿಂದ ಇಳಿಸುವ ದಿನಗಳಲ್ಲಿ ಮುಂದಿನ ಗಾಡಿಯ ಬಾಲ ಹಿಡಿದು ಗಂಟೆಗಟ್ಟಲೆ ಇಳಿಯಬೇಕಾಗುತ್ತದೆ. ಆಗಂತೂ ಹೊಚ್ಚ ಹೊಸ ಕಾರನ್ನು ಘಾಟಿಗೆ ತರದಿರುವುದೇ ಒಳ್ಳೆಯದು.

“ಐದು ವರ್ಷಕ್ಕೆ ಮಾರೋ ಕಾರಿಗೆ ಇಷ್ಟೆಲ್ಲಾ ಯಾಕಣ್ಣಾ” ಎಂದ ತಮ್ಮನಿಗೆ ಕೊನೆಯ ಉತ್ತರ. ಆ ಕಾರು ನಮ್ಮ ಕಣಿವೆಯಲ್ಲೇ ಇನ್ನೊಬ್ಬರ ಮನೆಗೆ ಹೋಗುವುದೇ ಹೆಚ್ಚು, ಹೊಸದು ಕೊಳ್ಳಲಾಗದೆ ಹಳೆಯದು ಕೊಂಡವರ ಮನೆಗೆ. ಆಯಿಲ್ ಕುಡಿಯುವ ಎಂಜಿನ್ ಅವರಿಗೆ ತಿಂಗಳ ಖರ್ಚಾಗುತ್ತದೆ. ಸುಟ್ಟ ಆಯಿಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರನ್ನೂ ಹಾಳು ಮಾಡುತ್ತದೆ. ಆದ್ದರಿಂದ ಮೊದಲ ಸಾವಿರದಲ್ಲಿ ವಾರಕ್ಕೊಮ್ಮೆ ಸಮತಟ್ಟಾದ ಜಾಗದಲ್ಲಿ, ಎಂಜಿನ್ ಆರಿಸಿ ಸ್ವಲ್ಪ ಹೊತ್ತಾದ ಮೇಲೆ ಡಿಪ್‌ಸ್ಟಿಕ್ ಎಳೆದು ನೋಡಿ, ಆಯಿಲ್ ಎಲ್ಲಿದೆಯೆಂದು ತಾರೀಖಿನ ಸಮೇತ ಬರೆದಿಡಿ. ಶುರುವಿನಲ್ಲಿ ಸ್ವಲ್ಪ ಇಳಿದರೆ ಗಾಬರಿ ಬೇಡ. ಕೆಲವು ಸಾವಿರ ಕಿಲೋಮೀಟರ್ ಕಳೆದ ಮೇಲೂ ಇಳಿಯುತ್ತಲೇ ಇದ್ದರೆ ವಾರಂಟಿ ಇರುವಾಗಲೇ ಆ ಚೀಟಿ ಹಿಡಿದು ಸರ್ವಿಸ್ ಸ್ಟೇಷನ್ನಿಗೆ ಹೋಗಿ, ದೂರನ್ನು ಜಾಬ್ ಕಾರ್ಡಿನಲ್ಲಿ ಬರೆಸಿ, ಒಂದು ಪ್ರತಿ ಇಸಿದುಕೊಂಡು ಬನ್ನಿ.